ಅತ್ತೆಯೊಡನೆ ಬೆಟ್ಟಕ್ಕೆ

ಕಾರಿನ ಹಿಂದೆ ಕಟ್ಟಿಕೊಂಡು ಬಂದ ಟ್ರೈಲರ್ ಮನೆಯಲ್ಲಿ ಅವಳು ಬೆಳಗಿನ ಕಾಫಿಗೆ ಹಾಲು ಕಾಯಿಸುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಫಾರೆಸ್ಟ್ ಗಾರ್ಡ್.

"ಮೇಡಂ, ರಾತ್ರಿ ಇಲ್ಲಿಂದ ನಾಯಿ ಬೊಗಳ್ತಿತ್ತಂತೆ. ಈ ಬೆಟ್ಟಕ್ಕೆ ನಾಯಿ ತರೋ ಹಾಗಿಲ್ಲ. ಇದ್ರೆ ಈಗ್ಲೇ ಗಾಡಿ ಇಳಿಸ್ಬೇಕು."

ಅವಳು ಒಲೆ ಆರಿಸಿ ಬಾಗಿಲಿಗೆ ಬಂದಳು. ಮಗಳು ವರ್ಷವಿಡೀ ಕಾದಿದ್ದ ಪ್ರವಾಸ ಇದು.

"ನಮ್ಮ ನಾಯಿನ ಇವರು ನಿನ್ನೆ ನಸುಕಿನಲ್ಲೇ ನಾಯಿಗಳ ಹಾಸ್ಟೆಲ್‌ಗೆ ಬಿಟ್ಟು ಬಂದ್ರು ಸರ್. ನೀವು ಹೇಳ್ತಿರೋದು ನಮ್ಮತ್ತೆ ಕೆಮ್ಮು. ಥಂಡಿ ನೋಡಿ."

"ಅಮ್ಮಾ, ಒಂದು ಕೇಳ್ಲಾ?" ಎಂದಳು ಮಗಳು.

"ಇರು ಚಿನ್ನ, ಅಂಕಲ್ ಹತ್ರ ಮಾತಾಡ್ತಿದ್ದೀನಲ್ಲ."

ಹಿಂದಿನ ಮಂಚದಲ್ಲಿ ಅತ್ತೆ ಕಂಬಳಿ ಮುಸುಕು ಹಾಕಿಕೊಂಡು ಮಲಗಿದ್ದರು. ಹೊರಟಾಗಿನಿಂದ ಹಾಗೇ ಇದ್ದರು. ಸೊಸೆಯ ಅಡುಗೆಯಲ್ಲಿ ಒಂದು ಕೊಂಕೂ ತೆಗೆದಿರಲಿಲ್ಲ. ಕೊಟ್ಟ ಚಪಾತಿಯನ್ನೆಲ್ಲ ಮುಸುಕಿನೊಳಗೇ ತಿಂದು ಮುಗಿಸಿದ್ದರು. ಬೆಟ್ಟದ ಗಾಳಿ ಮನುಷ್ಯರನ್ನು ಎಷ್ಟು ಮೆತ್ತಗೆ ಮಾಡುತ್ತದಲ್ಲ ಎಂದು ಅವಳ ಮನಸ್ಸು ತುಂಬಿ ಬಂದಿತ್ತು.

"ಎಬ್ಬಿಸ್ಬೇಡಿ ಸರ್, ಅಮ್ಮ ಬೈತಾರೆ," ಎಂದ ಗಂಡ.

"ಅಜ್ಜೀ, ಸ್ವಲ್ಪ ಮುಖ ತೋರಿಸ್ತೀರಾ?" ಗಾರ್ಡ್ ಮೆಲ್ಲಗೆ ಕಂಬಳಿ ಸರಿಸಿದ.

ನಾಯಿ ಮೈಮುರಿದು ಎದ್ದು, ಬಾಲ ಅಲ್ಲಾಡಿಸುತ್ತಾ ಅವನ ಕೈ ನೆಕ್ಕಿತು.

ಅವಳು ಗಂಡನ ಕಡೆ ನೋಡಿದಳು.

"ಕತ್ತಲಿತ್ತು ಕಣೇ," ಎಂದು ಅವನು ತಡವರಿಸಿದ. "ಕಾರಲ್ಲಿ ಇಬ್ರೂ ಕಂಬಳಿ ಹೊದ್ದು ಮಲಗಿದ್ರು. ಆ ಹಾಸ್ಟೆಲ್ ಹುಡುಗನೂ ನಿದ್ದೆಗಣ್ಣಲ್ಲಿ ಎತ್ಕೊಂಡು ಹೋದ..."

ಆಗ ಮಗಳು ಅವಳ ಸೆರಗು ಜಗ್ಗಿ ಕೇಳಿದಳು:

"ಅಮ್ಮಾ, ಹಾಗಾದ್ರೆ ಅಲ್ಲಿ ಅಜ್ಜೀನ ಕಟ್ಟಿಹಾಕಿರ್ತಾರಾ?"