ನಾಲ್ಕನೆಯ ಹೊಲಿಗೆ

ಕಾರಿನ ಬಾನೆಟ್ಟಿನ ಮೇಲಿಟ್ಟಿದ್ದ ಚಹಾ ಲೋಟ ತಾನಾಗಿಯೇ ಜರುಗುತ್ತ ಅಂಚಿಗೆ ಬಂತು. ಅವಳು ಮೆಟ್ಟಿಲಿಳಿದು ಓಡಿಬಂದು ಹಿಡಿದುಕೊಂಡಳು.

"ನೋಡಿದ್ರಾ? ನಿಂತಲ್ಲೇ ಲೋಟ ಬೀಳಿಸ್ತಿದೆ. ಇದರಲ್ಲಿ ಬಾಣಂತೀನ ಕರ್ಕೊಂಡು ಬರ್ತೀರಾ?"

ಗಂಡ ಬಾನೆಟ್ ಎತ್ತಿ ಒಳಗೆ ಇಣುಕಿದ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಆದರೆ ಅಷ್ಟೂ ವರ್ಷ ಬಾನೆಟ್ ತೆರೆದವರು ಡಿಪೋದ ಮೆಕ್ಯಾನಿಕ್ಕುಗಳು. ಇವನದೇನಿದ್ದರೂ ಸ್ಟೀರಿಂಗಿನ ಕೆಲಸ. ಈಗ ತನ್ನದೇ ಹಳೆಯ ಕಾರಿನ ಎದುರು ಪಾಠ ಮರೆತ ಹುಡುಗನಂತೆ ನಿಂತಿದ್ದ. ಆಕ್ಸಿಲರೇಟರ್ ಒತ್ತಿದರೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಕಾಲು ತೆಗೆದರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಕ. ನಿನ್ನೆಯವರೆಗೆ ಚೆನ್ನಾಗಿಯೇ ಇತ್ತು.

ನಾಲ್ಕು ಗಂಟೆಗೆ ಮಗಳನ್ನು ಆಸ್ಪತ್ರೆಯಿಂದ ಕಳಿಸುತ್ತಾರೆ. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿ ಐದನೆಯ ದಿನ. ಕೆಮ್ಮಿದರೂ ಹೊಲಿಗೆ ಎಳೆಯುತ್ತದೆ ಎಂದು ಬೆಳಿಗ್ಗೆ ತಾನೇ ಫೋನಿನಲ್ಲಿ ಹೇಳಿದ್ದಳು. ದಾರಿಯಲ್ಲಿ ಏಳು ಸಿಗ್ನಲ್ಲು. ತಾಯಿ ಮನಸ್ಸಿನಲ್ಲೇ ಎರಡು ಸಲ ಎಣಿಸಿ ನೋಡಿದ್ದಳು. ಮೂರು ಗಂಟೆಯೊಳಗೆ ಸರಿಹೋಗದಿದ್ದರೆ ಟ್ಯಾಕ್ಸಿ ಕರೆಯಬೇಕು. ಕರೆಯುವುದೇನು ಮಹಾ, ಇವನಿಗೆ ಹೇಳುವುದು ಹೇಗೆ? ಊರವರ ಮಕ್ಕಳನ್ನೆಲ್ಲ ಜೋಪಾನವಾಗಿ ಮನೆ ಮುಟ್ಟಿಸಿದ ಮನುಷ್ಯ, ಮೊಮ್ಮಗಳನ್ನು ಕರೆತರುವ ದಿನ ಯಾರದೋ ಗಾಡಿಯಲ್ಲಿ ಕೈಕಟ್ಟಿ ಕೂರಬೇಕೇ?

"ಪೆಟ್ರೋಲಲ್ಲಿ ಕಸ ಇರ್ಬೇಕು," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಬ್ಯಾಟರಿ ಇರ್ಬೇಕು." ಆಮೇಲೆ, "ವಯಸ್ಸಾಯ್ತು ಅಂತ ಕಾಣುತ್ತೆ."

"ಯಾರಿಗೆ?"

ಅವನು ನಗಲಿಲ್ಲ. ಹಾಗಿದ್ದರೆ ವಿಷಯ ಗಂಭೀರವೇ. ಅವಳು ಮಾತು ನಿಲ್ಲಿಸಿ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು. ಬೀದಿಬದಿಯ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷ ಹೊಲಿಗೆ ಯಂತ್ರ ತುಳಿದವಳು. ಸೂಜಿ ಒಂದು ಹೊಲಿಗೆ ಹಾರಿಸಿದರೆ ಕಣ್ಣಿಗಿಂತ ಮೊದಲು ಅವಳ ಕಿವಿಗೆ ತಿಳಿಯುತ್ತಿತ್ತು. ಬಲಗಾಲಿನ ಹೆಬ್ಬೆರಳು ತಾನಾಗಿ ನೆಲ ತಟ್ಟತೊಡಗಿತು.

"ರೀ, ಇದು ಹೊಲಿಗೆ ಹಾರಿಸ್ತಿದೆ."

"ಏನು?"

"ಮೂರು ಸರಿಯಾಗಿ ಬೀಳುತ್ತೆ, ನಾಲ್ಕನೇದು ಖಾಲಿ. ಮತ್ತೆ ಮೂರು, ಮತ್ತೆ ಖಾಲಿ. ಇದರೊಳಗೆ ನಾಲ್ಕು ಏನಿವೆ?"

ಅವನು ಬಗ್ಗಿ ಕೇಳಿದ. ಮುಖ ನಿಧಾನವಾಗಿ ಅರಳಿತು. "ಸಿಲಿಂಡರ್. ಒಂದು ಕೆಲಸ ಮಾಡ್ತಿಲ್ಲ. ಒಂದೊಂದೇ ಪ್ಲಗ್ಗಿನ ವೈರ್ ತೆಗೆದು ನೋಡ್ಬೇಕು. ದುಡಿಯೋದನ್ನ ತೆಗೆದ್ರೆ ಇಂಜಿನ್ ಇನ್ನೂ ಒದ್ದಾಡುತ್ತೆ. ಸೋಮಾರೀನ ತೆಗೆದ್ರೆ ಗೊತ್ತೇ ಆಗಲ್ಲ."

"ನಮ್ಮನೇಲೂ ಹಾಗೇ ಅಲ್ವಾ. ನನ್ನ ತೆಗೆದು ನೋಡಿ, ಆಮೇಲೆ ನಿಮ್ಮನ್ನ."

"ಹೋಗಿ ಕೂತ್ಕೋ ಟೈಲರಮ್ಮ. ನಾನು ಹೇಳಿದಾಗ ಕೀ ತಿರುಗಿಸು. ಗೇರ್ ಮಾತ್ರ ಮುಟ್ಟಬೇಡ."

ಅವಳು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅವನು ಇಂಜಿನ್ ಆರಿಸಿ ಮೊದಲನೆಯ ವೈರ್ ತೆಗೆದು, ಕೈ ದೂರ ಸರಿಸಿಕೊಂಡು, "ಹೂಂ" ಎಂದ. ಕಾರು ಉಸಿರುಗಟ್ಟಿದಂತೆ ಕುಲುಕಿ ನಿಂತೇಹೋಯಿತು. ಎರಡನೆಯದಕ್ಕೂ ಅದೇ ಕಥೆ. ಮೂರನೆಯದಕ್ಕೆ ಅವಳ ಹೆಬ್ಬೆರಳು ಎಣಿಸಿತು: ಮೂರು, ಖಾಲಿ. ಮೂರು, ಖಾಲಿ. ಒಂದಿಷ್ಟೂ ಬದಲಾವಣೆಯಿಲ್ಲ.

"ಇದೇ ಕಳ್ಳ," ಎಂದಳು.

ವೈರಿನ ತುದಿಯ ರಬ್ಬರ್ ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಇಳಿದುಬಂದು ಇಣುಕಿದಳು. ಪ್ಲಗ್ ಕೂತಿದ್ದ ಗುಳಿಯ ತುಂಬ ನೀರು. ಆಮೇಲೆ ಅವಳ ಕಣ್ಣು ಬ್ಯಾಟರಿಯ ಪಕ್ಕಕ್ಕೆ ಹೋಯಿತು. ಬೆಳಿಗ್ಗೆಯಿಂದ ಮನೆಯಿಡೀ ತಡಕಾಡಿದ್ದ ವಸ್ತು ಅಲ್ಲಿ ಅಡಗಿ ಕೂತಿತ್ತು.

"ನನ್ನ ಮಿಷಿನ್ ಬ್ರಷ್ ಇಲ್ಲಿಗ್ಯಾಕೆ ಬಂತು?"

ಅವನು ಬ್ರಷ್ಷನ್ನು ಎತ್ತಿ ಅಂಗಿಗೆ ಒರೆಸಿದ. "ಬೆಳಿಗ್ಗೆ ಸ್ವಲ್ಪ ತೊಳೆದೆ. ಕೂಸು ಬರೋ ಗಾಡಿ. ಒಳಗೆಲ್ಲ ಜಿಡ್ಡು ಹಿಡಿದಿತ್ತು."

"ಕೂಸೇನು ಬಾನೆಟ್ ಒಳಗೆ ಕೂತ್ಕೊಂಡು ಬರುತ್ತಾ?"

ಇನ್ನೂ ನಾಲ್ಕು ಮಾತು ನಾಲಿಗೆಯ ತುದಿಯಲ್ಲಿದ್ದವು. ಆದರೆ ಅಷ್ಟರಲ್ಲಿ ಅವಳಿಗೆ ಬೋಲ್ಟುಗಳು ಕಂಡವು. ಯಾರೂ ನೋಡದ ಆ ಕತ್ತಲ ಮೂಲೆಯಲ್ಲಿ ಒಂದೊಂದು ಬೋಲ್ಟಿನ ತಲೆಯನ್ನೂ ಹಲ್ಲುಜ್ಜಿದಂತೆ ಉಜ್ಜಿ ಹೊಳೆಯಿಸಿದ್ದ. ಬಯ್ಗುಳ ಅಲ್ಲೇ ಕರಗಿತು.

ಒಳಗೆ ಹೋಗಿ ಚೂರುಬಟ್ಟೆ ತಂದಳು. ಮಗುವಿನ ಅಂಗಿಗಳಿಗೆ ಕತ್ತರಿಸಿ ಉಳಿದ ಮೆತ್ತನೆಯ ಹತ್ತಿಬಟ್ಟೆ. ಹೆಣಿಗೆ ಕಡ್ಡಿಗೆ ಸುತ್ತಿಕೊಟ್ಟಳು. ಅವನು ಗುಳಿಗೆ ಇಳಿಸಿ ನೀರು ಹೀರಿಸಿದ. ಒಂದು ಚೂರು, ಎರಡು, ಐದು. ಪ್ಲಗ್ ಬಿಚ್ಚಿ ಒರೆಸಿದ, ರಬ್ಬರ್ ಟೋಪಿಯನ್ನು ಬಿಸಿಲಿಗೆ ಹಿಡಿದು ಆರಿಸಿದ, ಎಲ್ಲ ಮೊದಲಿನಂತೆ ಜೋಡಿಸಿ ಬಾನೆಟ್ ಮುಚ್ಚಿದ. ಕೀ ತಿರುಗಿಸಿದಾಗ ಅವಳು ತಣ್ಣಗಾದ ಚಹಾ ಲೋಟವನ್ನು ಮತ್ತೆ ಬಾನೆಟ್ಟಿನ ಮೇಲಿಟ್ಟಳು. ಲೋಟ ಇಟ್ಟಲ್ಲೇ ಇತ್ತು.

ಆದರೂ ಆಸ್ಪತ್ರೆಯಿಂದ ಹೊರಟು ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸುವಾಗ ಅವನ ಕತ್ತು ಬಿಗಿದದ್ದನ್ನು ಹಿಂದಿನ ಸೀಟಿನಿಂದ ಕಂಡಳು. ಮಗು ಅವಳ ತೊಡೆಯ ಮೇಲೆ ನಿದ್ದೆಹೋಗಿತ್ತು. ಪಕ್ಕದಲ್ಲಿ ಮಗಳು ಹೊಟ್ಟೆಗೆ ದಿಂಬು ಅವುಚಿಕೊಂಡು ಕಣ್ಣುಮುಚ್ಚಿ ಒರಗಿದ್ದಳು. ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ.

"ಅಪ್ಪಾ," ಎಂದಳು ಮಗಳು ಕಣ್ಣು ತೆರೆಯದೆ, "ಗಾಡಿ ಯಾಕೆ ಆಫ್ ಮಾಡಿದೆ?"

ಅವನು ಕನ್ನಡಿಯಲ್ಲಿ ಹೆಂಡತಿಯ ಮುಖ ಹುಡುಕಿದ. ಅವಳು ಮಗುವಿನ ಬೆನ್ನಿನ ಮೇಲಿದ್ದ ಕೈ ಎತ್ತಿ ನಾಲ್ಕು ಬೆರಳು ತೋರಿಸಿದಳು.

ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಸಿಗ್ನಲ್ಲಿನಲ್ಲಿ ತಡಮಾಡದ ಆ ಡ್ರೈವರಿಗೆ ಹಸಿರು ದೀಪ ಕಾಣಿಸಲು ಹಿಂದಿನ ಗಾಡಿಯವರು ಎರಡು ಸಲ ಹಾರ್ನ್ ಹೊಡೆಯಬೇಕಾಯಿತು.