ಕಾಲರಿನ ನೀಲಿ ದಾರ

"ಕಾಲರ್ ನೋಡಿ ಅಕ್ಕಾ, ಥೇಟ್ ನಿಮ್ಮ ತಮ್ಮಂದೇ!" ನಿರ್ದೇಶಕ ಹೆಮ್ಮೆಯಿಂದ ಮಾನಿಟರಿನತ್ತ ಕೈ ತೋರಿಸಿದ. ಥೇಟೇ, ಸುಳ್ಳಲ್ಲ. ಪೊಲೀಸರು ಎಳೆದೊಯ್ದ ದಿನ ಅವಳ ತಮ್ಮ ತೊಟ್ಟಿದ್ದಂಥದೇ ಅಂಗಿಯನ್ನು ಸಿನಿಮಾದವರು ಮಾಡಿಸಿ, ಅದರ ಹರಿದ ಕಾಲರಿಗೆ ಅಂದಿನಂತೆಯೇ ನೀಲಿ ದಾರದ ಹೊಲಿಗೆಯನ್ನು ಅವಳ ಕೈಯಿಂದಲೇ ಹಾಕಿಸಿಕೊಂಡಿದ್ದರು. "ನಡೆದದ್ದರಲ್ಲಿ ಒಂದೆಳೆಯೂ ತಪ್ಪಬಾರದು" ಎಂದು ಗೋಗರೆದಿದ್ದರು.

ಈಗ ಮಾನಿಟರಿನಲ್ಲಿ ಆ ಅಂಗಿ ತೊಟ್ಟ ನಟ ಪೊಲೀಸ್ ಜೀಪಿನೊಳಗೆ ಕೂತು, ಗೆಳೆಯರನ್ನು ಒಬ್ಬೊಬ್ಬರಾಗಿ ಬೆರಳೆತ್ತಿ ತೋರಿಸಿಕೊಡುತ್ತಿದ್ದ.

"ಇದೇನಪ್ಪಾ ಇದು? ಅವನು ಯಾರನ್ನೂ ಹಿಡ್ಕೊಡ್ಲಿಲ್ಲ. ಅದಕ್ಕೇ ತಾನೇ ಮನೆಗೆ ವಾಪಸ್ ಬರ್ಲಿಲ್ಲ!"

"ಗೊತ್ತು ಅಕ್ಕಾ. ಆದ್ರೆ ಇಂಟರ್ವಲ್‌ಗೆ ಒಂದು ತಿರುವು ಬೇಕಲ್ಲ. ಬೇಜಾರ್ ಮಾಡ್ಕೋಬೇಡಿ, ನಿಮ್ಮ ಹೊಲಿಗೆ ಕ್ಲೋಸಪ್ಪಲ್ಲಿ ಬರುತ್ತೆ."

ಅವಳು ನೆಟ್ಟಗೆ ನಟನ ಬಳಿ ಹೋದವಳೇ ಅವನ ಕಾಲರ್ ಹಿಡಿದು, ಗಂಟನ್ನು ಹಲ್ಲಿನಿಂದ ಕಡಿದು, ನೀಲಿ ದಾರವನ್ನು ಸರ್ರನೆ ಎಳೆದು ಹಾಕಿದಳು.

"ಅಯ್ಯೋ ಅಕ್ಕಾ, ಇನ್ನೂ ಶಾಟ್ ಬಾಕಿ ಇದೆ!" ನಿರ್ದೇಶಕ ಓಡಿಬಂದ.

ಬಾಯಲ್ಲುಳಿದ ದಾರದ ತುಣುಕನ್ನು ಅವಳು ಅವನ ಕಾಲಬುಡದಲ್ಲಿ ಉಗಿದಳು.

"ನಿನ್ನ ಶಾಟ್ ತೆಗ್ಕೋ ಹೋಗು. ನನ್ನ ಹೊಲಿಗೆ ಹಾಕ್ಕೊಂಡು ಮಾತ್ರ ಅವನು ಯಾರನ್ನೂ ತೋರಿಸ್ಕೊಡಲ್ಲ."