ಹರಕುಮುರುಕು ಕನ್ನಡ

ಯಲ್ಲಾಪುರದ ಸುಬ್ರಾಯ ಸಿದ್ದಿ ತನ್ನ ಕಾಡಿನ ಮೇಲೆ ತಾನೇ ಕಟ್ಟಿದ ರ‍್ಯಾಪ್ ಹಾಡನ್ನು ಮುಗಿಸಿದಾಗ ನಿರ್ಮಾಪಕ ಮುಖ ಕಿವಿಚಿದ.

“ನೋಡಕ್ಕೆ ಆಫ್ರಿಕಾದವನ ಥರ ಇದೀಯ, ಕನ್ನಡ ಮಾತ್ರ ಮೇಷ್ಟ್ರ ಥರ! ಯಾರಯ್ಯ ಕೇಳ್ತಾರೆ? ಹರಕುಮುರುಕಾಗಿ ಹಾಡು. ಕಾಡು ಗೀಡು ಬಿಟ್ಟು ಗಾಂಜಾ, ಗನ್ನು ಸೇರಿಸು.”

“ನಮ್ಮಜ್ಜನ ಅಜ್ಜನೂ ಯಲ್ಲಾಪುರದಲ್ಲೇ ಹುಟ್ಟಿದ್ದು ಸರ್. ಮುರುಕು ಕನ್ನಡ ನಂಗೆ ಬರೂದೇ ಇಲ್ಲ.”

“ಕಲಿಸಕ್ಕೆ ಒಬ್ಬನ್ನ ಇಟ್ಟಿದೀನಿ.”

ಬಂದ ಅವಕಾಶ ಬಿಡಲಾರದೆ ಅವನು ಕಲಿತು ಹಾಡಿದ. ಹಾಡು ಊರೂರಲ್ಲಿ ಮೊಳಗಿತು. ಆಟೋದವರು ಕೂಡ ಅವನನ್ನು ಕಂಡರೆ ಅದೇ ಮುರುಕು ಮಾತಿನಲ್ಲಿ ಕೂಗಿ ನಗುತ್ತಿದ್ದರು. ತನ್ನ ದನಿ ಕಿವಿಗೆ ಬಿದ್ದರೆ ಸಾಕು, ಅವನಿಗೆ ವಾಕರಿಕೆ ಬರುತ್ತಿತ್ತು.

ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ ಮೈಕು ಕೊಟ್ಟಾಗ ಅವನು ಹೊಟ್ಟೆಯಲ್ಲಿದ್ದ ಮಾತನ್ನೆಲ್ಲ ಕಾರಿಕೊಂಡ.

“ನಾ ಇಲ್ಲಿಯವ್ನೇ. ಆ ಹಾಡು ನಂದಲ್ಲ, ಬರೀ ಹೊಲಸು. ನನ್ನ ಬಣ್ಣ ನೋಡಿ ಅದನ್ನ ನನ್ನ ಬಾಯಿಗೆ ತುರುಕಿದ್ರು. ನೀವು ಅದಕ್ಕೇ ಕುಣಿದ್ರಿ. ಥೂ!”

ನಿರೂಪಕಿ ಕಣ್ಣೊರೆಸಿಕೊಂಡು ಮೈಕು ತೆಗೆದುಕೊಂಡಳು.

“ನೋಡಿದ್ರಾ? ಹೊರಗಿಂದ ಬಂದೋರೇ ಎಷ್ಟು ಚೆನ್ನಾಗಿ ಕನ್ನಡ ಕಲ್ತಿದಾರೆ! ಜೋರಾಗಿ ಒಂದು ಚಪ್ಪಾಳೆ ಬರ್ಲಿ!”